ಸಂಪರ್ಕಕ್ಕೆ ಸಿಗದ ಕಂಪ್ಯೂಟರ್

"ನಿಮ್ಮ ಕಂಪ್ಯೂಟರ್ ಬ್ಯಾಕಪ್‌ಗೆ ಸಿಕ್ತಾನೇ ಇರ್ಲಿಲ್ಲ ಮೇಡಂ" ಎಂದು ತಂತ್ರಜ್ಞ ಹೇಳಿದಾಗ ಚಿತ್ರಗಾರ್ತಿಯ ಮುಖ ಬಿಳಿಚಿಕೊಂಡಿತು. ಚಿತ್ರಗಳಿದ್ದ ಎರಡನೇ ಡಿಸ್ಕ್ ಸುಟ್ಟುಹೋಗಿ, ಮಕ್ಕಳ ವಿಶ್ವಕೋಶಕ್ಕೆಂದು ಅವಳು ವರ್ಷಗಟ್ಟಲೆ ಬರೆದ ಹಕ್ಕಿಗಳೆಲ್ಲ ಹೋಗಿದ್ದವು. ಪ್ರಕಾಶನದ ಉಳಿದ ಕಂಪ್ಯೂಟರ್‌ಗಳ ಕಡತಗಳ ನಕಲು ಸರ್ವರ್‌ನಲ್ಲಿ ಭದ್ರವಾಗಿತ್ತು. ಅವಳದಕ್ಕೆ ಮಾತ್ರ 'ಸಂಪರ್ಕ ಸಾಧ್ಯವಾಗಲಿಲ್ಲ' ಎಂಬ ಕೆಂಪು ಸಾಲು.

ಅವನು ಕೇಬಲ್ ಬದಲಿಸಿದ, ಫೈರ್‌ವಾಲ್ ಜಾಲಾಡಿದ. ಕೊನೆಗೆ ನೋಡಿದರೆ, ಅವಳ ಕಂಪ್ಯೂಟರಿನಲ್ಲಿ ಬ್ಯಾಕಪ್ ತಂತ್ರಾಂಶವನ್ನೇ ಯಾರೋ ನಿಲ್ಲಿಸಿದ್ದರು. ಅಷ್ಟರಲ್ಲಿ ಮ್ಯಾನೇಜರ್ ಅವನನ್ನು ಹೊರಗೆ ಕರೆದ.

"ಕಂಪ್ಯೂಟರ್ ನಿಧಾನ ಆಗಿ ಪುಸ್ತಕ ತಡ ಆಗುತ್ತೆ ಅಂತ ನಾನೇ ನಿಲ್ಸಿದ್ದೆ ಕಣಯ್ಯ. ಈಗ ಅದನ್ನ ಕೆದಕಬೇಡ. ನಿನ್ನ ಕೆಲಸ ಕಾಯಂ ಮಾಡೋದು ಇನ್ನೂ ನನ್ನ ಕೈಲೇ ಇದೆ."

ಅವನು ಒಳಗೆ ಬಂದಾಗ ಚಿತ್ರಗಾರ್ತಿ ತಲೆಯೆತ್ತಿದಳು. "ನಾನೇ ಏನಾದ್ರೂ ತಪ್ಪು ಮಾಡಿದ್ನಾ?"

ನಿಜ ಅವನ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ.

"ಗೊತ್ತಿಲ್ದೆ ನೀವೇ ಯಾವಾಗಲೋ ಆಫ್ ಮಾಡಿರ್ಬೇಕು ಮೇಡಂ" ಎಂದ ತಂತ್ರಜ್ಞ.

ಅವಳು ನಿಧಾನವಾಗಿ ತಲೆಯಾಡಿಸಿ, ಕಣ್ಣೊರೆಸಿಕೊಂಡಳು. "ಮಾಡಿರ್ತೀನಿ. ನನಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ? ಪಾಪ, ನಿಮಗೆ ಸುಮ್ನೆ ತೊಂದ್ರೆ ಕೊಟ್ಟೆ."