ಎರಡು ಗಿಡ್ಡ, ಒಂದು ಉದ್ದ

ಚಪ್ಪಾಳೆ ನಿಲ್ಲುವವರೆಗೆ ಕಾಯುವ ತಾಳ್ಮೆ ತಿರುಪು ಮೇಷ್ಟ್ರಿಗೆ ಇರಲಿಲ್ಲ. ಮೂರನೇ ಸಾಲಿನಿಂದ ಎದ್ದು, ಅಡ್ಡ ಬಂದ ಮಂಡಿಗಳನ್ನು ದಾಟಿ, ತುಳಿಸಿಕೊಂಡವರ ಕಡೆ ತಿರುಗಿಯೂ ನೋಡದೆ ವೇದಿಕೆಯತ್ತ ನಡೆದರು.

ಅವರು ಪಕ್ಕದ ಬಡಾವಣೆಯ ಶಾಲೆಯವರು. ಅಲ್ಲಿನ ರೋಬೋಟಿಕ್ಸ್ ಲ್ಯಾಬು ಅವರ ಸಾಮ್ರಾಜ್ಯ. ಸಡಿಲ ಕಂಡದ್ದನ್ನೆಲ್ಲ ಬಿಗಿಮಾಡುವುದು ಅವರ ಸ್ವಭಾವ; ಮೊದಲು ಯಂತ್ರ, ಆಮೇಲೆ ಮಕ್ಕಳು. ಹೀಗಾಗಿ ಆ ಅಡ್ಡಹೆಸರು. ಮಕ್ಕಳ ಹೆಸರು, ಮುಖ ನೆನಪಿಡುವ ಗೋಜಿಗೆ ಮಾತ್ರ ಹೋದವರಲ್ಲ. ಮಕ್ಕಳು ಬರುತ್ತಾರೆ, ಹೋಗುತ್ತಾರೆ, ಯಂತ್ರ ಉಳಿಯುತ್ತದೆ.

ಸಮಾರಂಭ ನಡೆಯುತ್ತಿದ್ದ ಈ ಶಾಲೆಗೆ ಇವತ್ತು ಹಬ್ಬದ ಕಳೆ. ರೋಬೋಟಿಕ್ಸಿನಲ್ಲಿ ಮೊದಲ ಬಹುಮಾನ, ಗಾಯನದಲ್ಲಿ ಮೊದಲ ಬಹುಮಾನ, ವೆಬ್‌ಸೈಟ್ ಸ್ಪರ್ಧೆಯಲ್ಲೂ ಮೊದಲ ಬಹುಮಾನ. ರೋಬೋಟು ಮಾಡಿದವಳೂ ಹಾಡಿದವಳೂ ಒಬ್ಬಳೇ ಹುಡುಗಿ. ವೆಬ್‌ಸೈಟು ಅವಳ ಇಬ್ಬರು ಗೆಳತಿಯರದು. ರೋಬೋಟಿನ ಪ್ರೋಗ್ರಾಂ ಪೂರ್ತಿ ಅದರಲ್ಲಿತ್ತು. ಯಾವ ಶಾಲೆಯ ಮಕ್ಕಳಾದರೂ ನೋಡಿ ಕಲಿಯಲಿ ಎಂದು.

ಕಂಡವರ ಮನೆಯ ಎಣ್ಣೆಯಲ್ಲಿ ದೀಪ ಹಚ್ಚಿ ದಾನ ಮಾಡುವವರು, ಎಂದುಕೊಂಡಿದ್ದರು ಮೇಷ್ಟ್ರು.

ಸ್ಪರ್ಧೆಯ ದಿನವೇ ಅವರಿಗೆ ವಾಸನೆ ಹೊಡೆದಿತ್ತು. ಆ ರೋಬೋಟು ಪ್ರತಿ ತಿರುವಿನಲ್ಲೂ ತಡೆದು ನಿಲ್ಲುತ್ತಿತ್ತು. ಎರಡು ಗಿಡ್ಡ ತಡೆ, ಒಂದು ಉದ್ದ ತಡೆ. ಆಮೇಲೆ ಗೆರೆ ಎಳೆದಂತೆ ತಿರುಗುತ್ತಿತ್ತು. ಲೋಕದಲ್ಲಿ ಹಾಗೆ ತಿರುಗುವುದು ಮೇಷ್ಟ್ರ ಲ್ಯಾಬಿನ ಯಂತ್ರಗಳು ಮಾತ್ರ. ನಾಲ್ಕು ವರ್ಷದಿಂದ ಅವರ ಶಾಲೆ ಸೋತದ್ದೇ ಇಲ್ಲ. ಆ ದಿನ ಎರಡನೆಯ ಸ್ಥಾನ.

ಮನೆಯಲ್ಲಿ ಎರಡು ಪ್ರೋಗ್ರಾಂಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆ ಹುಡುಗಿಯದರಲ್ಲಿ ಹೊಸ ಸೇರ್ಪಡೆ ಬೇಕಾದಷ್ಟಿತ್ತು. ಆದರೆ ತಿರುವಿನ ಭಾಗ ಅಕ್ಷರಕ್ಕೆ ಅಕ್ಷರ ಒಂದೇ.

"ಬೇರೆಯವರ ಮಕ್ಕಳ ಸಂಭ್ರಮಕ್ಕೆ ಹುಳಿ ಹಿಂಡೋಕೆ ಹೋಗ್ತೀರಾ?" ಎಂದಿದ್ದಳು ಹೆಂಡತಿ.

"ಕಳ್ಳರ ಸಂಭ್ರಮಕ್ಕೆ," ಎಂದಿದ್ದರು.

ಇವತ್ತು ಬಂದಾಗ ಸಭಾಂಗಣದ ಬಾಗಿಲಲ್ಲಿ ಆ ಹುಡುಗಿಯೇ ಎದುರಾದಳು. ಎತ್ತರದ ನಿಲುವು, ಗಿಡ್ಡ ಕೂದಲು. ಮೇಷ್ಟ್ರನ್ನು ಕಂಡು ಒಂದು ಕ್ಷಣ ತಡವರಿಸಿ, "ಚೆನ್ನಾಗಿದ್ದೀರಾ ಸರ್?" ಎಂದಳು.

ಗುರುತು ಪರಿಚಯವಿಲ್ಲದವಳ ಈ ಸಲಿಗೆ ಮೇಷ್ಟ್ರಿಗೆ ಹಿಡಿಸಲಿಲ್ಲ. "ನಮ್ಮ ಲ್ಯಾಬು ನೋಡಿದ್ದೀಯೇನಮ್ಮ?" ಎಂದು ಬಲೆ ಬೀಸಿದರು.

"ನೋಡಿದ್ದೀನಿ ಸರ್. ಕಿಟಕಿ ಪಕ್ಕದ ಮೇಜು ಇನ್ನೂ ಅಲ್ಲಾಡುತ್ತಾ?"

ಮೇಷ್ಟ್ರ ಕಿವಿ ಕೆಂಪಾಯಿತು. ಒಳಗೆ ನುಗ್ಗಿದ್ದನ್ನು ಎಷ್ಟು ಧೈರ್ಯದಿಂದ ಹೇಳುತ್ತಾಳೆ. ಅಲ್ಲೇ ಹಿಡಿಯಬಹುದಿತ್ತು. ಇಲ್ಲ, ನಾಲ್ಕು ಜನರ ಮುಂದೆ ಆಗಲಿ ಎಂದು ಒಳಗೆ ಹೋಗಿ ಕೂತರು.

ಮೊದಲು ಅವಳ ಹಾಡು. ಮೇಷ್ಟ್ರಿಗೆ ಹಾಡೆಂದರೆ ಅಷ್ಟಕ್ಕಷ್ಟೆ. ಅವರ ಲ್ಯಾಬಿನಲ್ಲಿ ಗುನುಗಿದವರಿಗೂ ಜಾಗವಿರಲಿಲ್ಲ. ಜನ ತಲೆದೂಗುತ್ತಿದ್ದರೆ ಇವರು ಹಲ್ಲು ಕಚ್ಚಿ ಕೂತಿದ್ದರು. ಹಾಡು ಮುಗಿಯಿತು, ಮುಖ್ಯೋಪಾಧ್ಯಾಯಿನಿ ಪದಕ ಕೈಗೆತ್ತಿಕೊಂಡರು, ಚಪ್ಪಾಳೆ ಎದ್ದಿತು. ಆಗ ಮೇಷ್ಟ್ರೂ ಎದ್ದರು.

ಈಗ ಮೈಕು ಅವರ ಕೈಯಲ್ಲಿತ್ತು.

"ಪದಕ ಹಾಕೋ ಮುಂಚೆ ಒಂದು ಮಾತು. ಈ ರೋಬೋಟಿನ ಪ್ರೋಗ್ರಾಂ ಕದ್ದ ಮಾಲು. ಹುಟ್ಟಿದ್ದು ನನ್ನ ಲ್ಯಾಬಿನಲ್ಲಿ. ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿಕೊಳ್ತು."

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ತಂದೆ, "ಇಳಿಸ್ರೀ ಅವರನ್ನ," ಎಂದ.

"ಸರ್, ಮಕ್ಕಳ ಎದುರಿಗೆ ಬೇಡ. ನನ್ನ ಕೋಣೆಗೆ ಬನ್ನಿ, ಮಾತಾಡೋಣ," ಎಂದರು ಮುಖ್ಯೋಪಾಧ್ಯಾಯಿನಿ.

"ಮಕ್ಕಳ ಎದುರಿಗೇ ಆಗಬೇಕು. ಕದಿಯೋದು ಹೇಗೆ ಅಂತ ಕಲ್ತಿದ್ದಾರೆ, ಸಿಕ್ಕಿಬಿದ್ರೆ ಏನಾಗುತ್ತೆ ಅಂತಾನೂ ಕಲೀಲಿ." ಮೇಷ್ಟ್ರು ಹುಡುಗಿಯ ಕಡೆ ತಿರುಗಿದರು. "ನೀನೇ ಹೇಳು. ತಿರುಗೋ ಮುಂಚೆ ಅದು ಯಾಕೆ ನಿಲ್ಲುತ್ತೆ? ಎರಡು ಗಿಡ್ಡ, ಒಂದು ಉದ್ದ. ಯಾಕೆ?"

ಹುಡುಗಿಯ ದನಿ ನಡುಗಲಿಲ್ಲ. "ಅದು ಹಾಡೋವಾಗ ಉಸಿರು ತಗೊಳ್ಳೋ ಲೆಕ್ಕ ಸರ್."

ಮೇಷ್ಟ್ರು ನಕ್ಕರು. "ಕೇಳಿದ್ರಾ? ಮೋಟಾರು ತಣ್ಣಗಾಗಲಿ ಅಂತ ಇಟ್ಟಿರೋದು ಅದು. ವರ್ಷಾವರ್ಷ ತೀರ್ಪುಗಾರರಿಗೆಲ್ಲ ಹೇಳಿದ್ದೀನಿ. ಕದ್ದವರಿಗೆ ಕಾರಣ ಗೊತ್ತಿರಲ್ಲ."

ಯಾರೂ ನಗಲಿಲ್ಲ. ಗೆಳತಿಯರಿಬ್ಬರೂ ಬಂದು ಹುಡುಗಿಯ ಎರಡೂ ಪಕ್ಕಕ್ಕೆ ನಿಂತರು. ಒಬ್ಬಳು ಅವಳ ಕಿವಿಯಲ್ಲಿ ಏನೋ ಹೇಳಿದಳು. ಅವಳು ಬೇಡವೆಂಬಂತೆ ತಲೆಯಾಡಿಸಿದಳು.

"ಪಿಸುಪಿಸು ಸಾಕು. ತಿರುವಿನ ಭಾಗ ಬರೆದದ್ದು ಎಲ್ಲಿ? ನಿಜ ಹೇಳು."

"ನಿಮ್ಮ ಲ್ಯಾಬಿನಲ್ಲೇ ಸರ್."

ಸಭೆಯಲ್ಲಿ ಗುಜುಗುಜು ಎದ್ದಿತು. ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿದ್ದ ಪದಕ ಅಲ್ಲೇ ನಿಂತಿತು. ಅಷ್ಟು ಸುಲಭಕ್ಕೆ ಒಪ್ಪಿಕೊಂಡಾಳೆಂದು ಮೇಷ್ಟ್ರೂ ಎಣಿಸಿರಲಿಲ್ಲ. ಎದೆ ಉಬ್ಬಿಸಿ, ಮೈಕನ್ನು ಹುಡುಗಿಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಹಾಗಾದ್ರೆ ಯಾರು ಬರೆದದ್ದು ಅಂತಾನೂ ಹೇಳಿಬಿಡಮ್ಮ. ಎಲ್ಲರಿಗೂ ಕೇಳಿಸಲಿ."

"ನಾನೇ ಸರ್, ಏಳನೇ ಕ್ಲಾಸಿನಲ್ಲಿ ನಿಮ್ಮ ಹತ್ರ ಕಲೀತಾ ಇದ್ದಾಗ, 'ಹಾಡೋ ಹುಡುಗಿಗೆ ಇಲ್ಲೇನು ಕೆಲಸ, ಮಾಡಿದ್ದನ್ನ ಅಲ್ಲೇ ಬಿಟ್ಟು ಹೋಗು' ಅಂತ ಹೊರಗೆ ಕಳಿಸಿದ್ರಲ್ಲ, ಆ ದಿನ."