ಕಣ್ಣು ಮುಚ್ಚಿದ ಸಭೆ

ಉಜ್ಜೀವನ ಕೂಟದ ಕಡೆಯ ಸಂಜೆ ಪ್ರಸಂಗ ಮುಗಿಸಿದ ಪಾದ್ರಿ ಅಯ್ಯನವರು ಪ್ರತಿವರ್ಷದಂತೆ ಹೇಳಿದರು: "ಎಲ್ಲಾರೂ ಕಣ್ಣ ಮುಚ್ಚಿ ತಲಿ ಬಗ್ಗಸ್ರಿ. ಸತ್ತ ಮ್ಯಾಲ ಸ್ವರ್ಗ ಸಿಗತೈತಿ ಅನ್ನೂ ರಕ್ಷಣೆಯ ನಿಶ್ಚಯ ಇಲ್ಲದಾವ್ರು ಕೈ ಎತ್ರಿ, ನಿಮ್ಮ ಸಲುವಾಗಿ ಪ್ರಾರ್ಥನೆ ಮಾಡ್ತೀನಿ. ನನ್ನ ಬಿಟ್ಟು ಯಾರೂ ನೋಡೂದಿಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಸಾಯುವವರ ಹಾಸಿಗೆಯ ಪಕ್ಕ ಕೂತು ಎಲ್ಲರಿಗೂ ಧೈರ್ಯ ಹೇಳುತ್ತ ಬಂದವಳು ಆಕೆ. ಆದರೆ ಮೊನ್ನೆ ಎಸ್ತೇರವ್ವ ಕೊನೆಯುಸಿರಿನಲ್ಲಿ, "ಅಮ್ಮಾರ, ನಿಮಗರ ಖಾತ್ರಿ ಐತೇನ್ರಿ?" ಎಂದು ಕೇಳಿದಾಗ ಈಕೆ ಮುದುಕಿಯ ಬಾಯಿಗೆ ಒಂದು ಚಮಚ ನೀರು ಬಿಟ್ಟು ಮುಖ ತಿರುಗಿಸಿದ್ದಳು. ಅಂದಿನಿಂದ ಮಾಡಿದ ಯಾವ ಪ್ರಾರ್ಥನೆಯೂ ಸೂರು ದಾಟಿ ಮೇಲೆ ಹೋದಂತೆ ಅನಿಸಿರಲಿಲ್ಲ.

ಪಾದ್ರಿಯ ಹೆಂಡತಿಯೇ ಕೈ ಎತ್ತಿದರೆ ಸಭೆಯ ಗತಿಯೇನು ಎಂದಿತು ಒಂದು ಮನಸ್ಸು. ಇವತ್ತು ಎತ್ತದಿದ್ದರೆ ನಿನ್ನ ಗತಿಯೇನು ಎಂದಿತು ಇನ್ನೊಂದು. ಆಕೆ ಕೈ ಎತ್ತಿದಳು. ತೋಳು ಸೋತುಬಂದರೂ ಇಳಿಸಲಿಲ್ಲ.

"ಕರ್ತನಿಗೆ ಸ್ತೋತ್ರ!" ಎಂದರು ಅಯ್ಯನವರು. "ನಮ್ಮ ಸಭೆಯೊಳಗ ಒಂದ ಕೈನೂ ಏಳಲಿಲ್ಲ."

ಮನೆಗೆ ಬಂದು ಅವರು ನಿಲುವಂಗಿಯ ಗುಂಡಿ ಬಿಚ್ಚುತ್ತಿದ್ದಾಗ ಆಕೆ ಕೇಳಿದಳು, "ನನ್ನ ಕೈ ನಿಮಗ ಕಾಣ್ಲಿಲ್ಲೇನ್ರಿ?"

"ಕಂಡಿತ್ತು."

"ಮಂದಿ ಎಲ್ಲಾ ಕಣ್ಣ ಮುಚ್ಚಿದ್ರಲ್ಲ, ಮತ್ತ ಯಾರಿಗೆ ಅಂಜಿದ್ರಿ? ನನ್ನ ಸಲುವಾಗಿ ಒಂದ ಪ್ರಾರ್ಥನೆ ಮಾಡಾಕ ಆಗಲಿಲ್ಲೇನು?"

ಅಯ್ಯನವರ ಬೆರಳು ಗುಂಡಿಯ ಮೇಲೆಯೇ ನಿಂತಿತು.

"ನಿನ್ನ ಕೈ ನೋಡಿ ನನ್ನ ಕೈನೂ ಏಳಾಕ ಹತ್ತಿತ್ತು. ಎರಡೂ ಕೈಲೆ ಬೈಬಲ್ ಅವಚಿ ಹಿಡ್ಕೊಂಡು ನಿಂತಿದ್ದೆ."