ಪೆನ್‌ಲಾನಿನ ಇವಾನ್

‘ಆಳು’ ಎಂಬ ಪದದ ಮೇಲೆ ಮೈನಿರಳ ಬೆರಳು ನಿಂತುಬಿಟ್ಟಿತು. 1851ರ ಜನಗಣತಿಯ ಆ ನಕಲಿನಲ್ಲಿ ಪೆನ್‌ಲಾನ್ ಹೊಲಮನೆಯ ಯಜಮಾನ ಬೇರೆ ಯಾರೋ. ಮುತ್ತಜ್ಜ ಇವಾನನ ಹೆಸರು ಎಲ್ಲರಿಗಿಂತ ಕೆಳಗೆ; ಆಮೇಲಿನ ನಾಲ್ಕು ಗಣತಿಗಳ ಹಾಳೆಗಳಲ್ಲೂ ಅಷ್ಟೇ. ಊರವರು ಅವನನ್ನು ‘ಪೆನ್‌ಲಾನ್ ಇವಾನ್’ ಎಂದೇ ಕರೆಯುತ್ತಿದ್ದುದರಿಂದ ಅವನೇ ಒಡೆಯನೆಂದು ಮನೆಮಂದಿ ನಂಬಿದ್ದರು. ತನ್ನ ಗೋರಿಕಲ್ಲಿಗೂ ಪೆನ್‌ಲಾನ್ ಹೆಸರು ಬೇಕೆಂದು ಅಪ್ಪ ಹಟ ಹಿಡಿದಿದ್ದ.

“ನಮ್ಮಜ್ಜ ಸಿಕ್ಕಿದ್ನೇನೇ?” ಹಾಸಿಗೆಯಿಂದಲೇ ಅಪ್ಪ ಕೇಳಿದ.

“ಸಿಕ್ಕಿದ ಅಪ್ಪಾ.” ಮೂರು ವರ್ಷ ಹುಡುಕಿ ದಣಿದವಳಿಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. “ಅಲ್ಲಿ ಆಳಾಗಿದ್ದ. ಐದು ಗಣತೀಲೂ ಆಳೇ.”

ಮುದುಕ ದಿಂಬಿನಿಂದ ತಲೆಯೆತ್ತಿದ. “ಯಜಮಾನ್ರು?”

ಅವಳು ಐದೂ ಹಾಳೆಗಳನ್ನು ಹೊದಿಕೆಯ ಮೇಲೆ ಹರಡಿ ನೋಡಿದಳು. “ಒಂದೊಂದ್ಸಲ ಒಬ್ಬೊಬ್ರು.”

“ಹಂಗಾದ್ರೆ ಅವ್ರೆಲ್ಲ ಬಂದುಹೋದ ನೆಂಟ್ರು ಕಣೇ. ಹೆಸ್ರು ಕೆತ್ಸು.”